ಅಜ್ಜಿಯ ಪೆಟ್ಟಿಗೆಯ ನಾಣ್ಯ ಅಸಲಿಯೇ?

ಪ್ರಶ್ನೆ: ಅಜ್ಜಿಯ ಮರದ ಪೆಟ್ಟಿಗೆಯಲ್ಲಿ 1840ರ ವಿಕ್ಟೋರಿಯಾ ರೂಪಾಯಿಯೂ, ರಾಮ ಪಟ್ಟಾಭಿಷೇಕದ ಚಿತ್ರವಿರುವ 1818ರ 'ಒಂದಾಣೆ'ಯೂ ಸಿಕ್ಕಿವೆ. ಇವು ಅಸಲಿಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: 1818ರದ್ದು ಚಲಾವಣೆಯ ನಾಣ್ಯವೇ ಅಲ್ಲ, ದೇವಸ್ಥಾನ, ಜಾತ್ರೆಗಳ ಬಳಿ ಮಾರುವ ಬಿಲ್ಲೆ. ಬ್ರಿಟಿಷ್ ಇಂಡಿಯಾದ ನಿಕಲ್ ಒಂದಾಣೆ ಚಲಾವಣೆಗೆ ಬಂದದ್ದು 1907ರ ಹೊತ್ತಿಗೆ. 'ಇದಕ್ಕೆ ಅಕ್ಕಿಕಾಳು ಸೆಳೆಯುವ ಶಕ್ತಿಯಿದೆ, ಲಕ್ಷಗಟ್ಟಲೆ ಬೆಲೆ' ಎಂದು ನಂಬಿಸುವವರಿಗೆ ದಯವಿಟ್ಟು ಒಂದು ಪೈಸೆಯನ್ನೂ ಮುಂಗಡ ಕೊಡಬೇಡಿ.

ರೂಪಾಯಿಯನ್ನು ಮಾತ್ರ ಪರೀಕ್ಷಿಸಬೇಕು. ಅಸಲಿಯ ತೂಕ 11.66 ಗ್ರಾಂ, ಅಗಲ ಸುಮಾರು 30.5 ಮಿ.ಮೀ., ಬೆಳ್ಳಿ ಶೇ. 91.7. ಸವೆದಿದ್ದರೆ ತುಸು ಕಡಿಮೆ ತೂಗೀತು, ಹೆಚ್ಚು ತೂಗಿದರೆ ಅನುಮಾನಿಸಿ. ಆಯಸ್ಕಾಂತಕ್ಕೆ ಅಂಟಿದರೆ ಖಂಡಿತ ನಕಲಿ. ಅಂಟದಿದ್ದ ಮಾತ್ರಕ್ಕೆ ಅಸಲಿಯಲ್ಲ, ಹಿತ್ತಾಳೆಯೂ ಅಂಟುವುದಿಲ್ಲ.

ಆಮೇಲೆ ನೀರಿನ ಪರೀಕ್ಷೆ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ. ತೆಳು ದಾರದಲ್ಲಿ ನಾಣ್ಯ ಕಟ್ಟಿ, ತಳಕ್ಕೆ ತಾಗದಂತೆ ಮುಳುಗಿಸಿ. ಅಸಲಿಯಾದರೆ ಸುಮಾರು 1.13 ತೋರಿಸುತ್ತದೆ, ಅಷ್ಟೇ ತೂಕದ ಹಿತ್ತಾಳೆ 1.37ರ ಆಸುಪಾಸು. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಅಲುಗಿಸಿ ಬಿಡಿಸಿ.

ಕೊನೆಗೆ ಭೂತಗನ್ನಡಿ ಹಿಡಿದು ಅಂಚು ನೋಡಿ. ಎರಕದ ನಕಲಿನಲ್ಲಿ ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿ, ಮೊಂಡಾದ ಅಕ್ಷರ ಕಾಣುತ್ತವೆ. ಮಲೆನಾಡಿನ ತೇವಕ್ಕೆ ಬೆಳ್ಳಿ ಕಪ್ಪಾಗುವುದು ಸಹಜ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಬೆಲೆ ಹೋಗುವುದೇ ಅಲ್ಲಿ.