ವಿಮಾನದೊಳಗಿನ ನಲ್ಲಿಯ ನೀರನ್ನು ಕುಡಿಯಬಹುದೇ?

ಕುಡಿದವರೆಲ್ಲ ಕಾಯಿಲೆ ಬೀಳುವುದಿಲ್ಲ, ಆದರೂ ನಾನಂತೂ ಬಾಟಲಿ ನೀರನ್ನೇ ಕೇಳಿ ಪಡೆಯುತ್ತೇನೆ. ಸಾಮಾನ್ಯವಾಗಿ ಶೌಚಾಲಯದ ನಲ್ಲಿಗೂ ಕಾಫಿ ಯಂತ್ರಕ್ಕೂ ನೀರು ಬರುವುದು ವಿಮಾನದ ಅದೇ ಟ್ಯಾಂಕಿನಿಂದ.

ನಿಲ್ದಾಣದ ನೀರು ಶುದ್ಧವಾಗಿದ್ದರೂ ಟ್ಯಾಂಕ್ ಸೇರುವ ದಾರಿಯಲ್ಲಿ ಕೆಡಬಹುದು. ನಲ್ಲಿಯಿಂದ ನೀರಿನ ಗಾಡಿಗೆ, ಅಲ್ಲಿಂದ ಪೈಪಿನ ಮೂಲಕ ವಿಮಾನಕ್ಕೆ. ಪೈಪಿನ ಬಾಯಿ ಕೊಳಕು ನೆಲಕ್ಕೆ ತಾಗಿದರೂ ಸಾಕು. ಹಳೆಯ ನೀರಿನ ಮೇಲೆಯೇ ಹೊಸದನ್ನು ತುಂಬಿಸುತ್ತಾ ಹೋದರೆ ಕ್ಲೋರಿನ್ ಸತ್ವ ಕಳೆದುಕೊಳ್ಳುತ್ತದೆ, ಒಳಗೋಡೆಗೆ ಬ್ಯಾಕ್ಟೀರಿಯಾದ ಲೋಳೆಪದರ ಅಂಟಿಕೊಳ್ಳುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2004ರಲ್ಲಿ ಪರೀಕ್ಷಿಸಿದ ವಿಮಾನಗಳಲ್ಲಿ ಸುಮಾರು ಶೇ. 15ರಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ (ನೀರು ಕೆಟ್ಟಿರಬಹುದೆಂಬ ಸೂಚನೆ) ಸಿಕ್ಕಿತ್ತು. ಅದರ ಫಲವೇ 2009ರ ನಿಯಮ. ಟ್ಯಾಂಕನ್ನು ಸೋಂಕುನಿವಾರಕ ಹಾಕಿ ತೊಳೆಯಬೇಕು, ಅಡುಗೆಕಟ್ಟೆಯಿಂದ ಒಂದು, ಶೌಚಾಲಯದಿಂದ ಒಂದು ಮಾದರಿ ತೆಗೆದು ಪರೀಕ್ಷಿಸಬೇಕು. ವರ್ಷಕ್ಕೆ ನಾಲ್ಕು ಬಾರಿ ತೊಳೆಯುವವರಿಗೆ ಒಂದೇ ಪರೀಕ್ಷೆ ಸಾಕು. ಒಮ್ಮೆ ಮಾತ್ರ ತೊಳೆಯುವವರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಇದು ಜಾಣ ಲೆಕ್ಕಾಚಾರ ಎನ್ನಿಸುತ್ತದೆ. ಮಲದ ಸೋಂಕನ್ನು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ಕಂಡುಬಂದರೆ 24 ಗಂಟೆಯೊಳಗೆ ಪ್ರಯಾಣಿಕರಿಗೆ ಆ ನೀರು ಸಿಗದಂತೆ ಮಾಡಬೇಕು.

ಎರಡು ತಪಾಸಣೆಗಳ ನಡುವೆ ಏನಾಯಿತೆಂಬುದು ಮಾತ್ರ ಯಾರಿಗೂ ಕಾಣದು. ಹಾಗಾಗಿ ಶಿಶುವಿನ ಹಾಲಿನ ಪುಡಿ ಕಲಸಲು, ಹಲ್ಲುಜ್ಜಲು ಬಾಟಲಿ ನೀರೇ ವಾಸಿ.