ಹಿಟ್ ಬೇಕೋ, ಸ್ಲ್ಯಾಪ್ ಬೇಕೋ?

ಪ್ರಶ್ನೆ: ಮಗಳು ಹೈಸ್ಕೂಲ್ ಹಾಕಿ ತಂಡದಲ್ಲಿ ಡಿಫೆಂಡರ್. ಮಣ್ಣಿನ ಮೈದಾನದಲ್ಲಿ ಅವಳ ಹಿಟ್ ಜೋರಾಗಿಯೇ ಇತ್ತು. ಟರ್ಫ್‌ಗೆ (ಕೃತಕ ಹುಲ್ಲಿನ ಮೈದಾನ) ಹೋದ ಮೇಲೆ ಕೋಚ್ ‘ಸ್ಲ್ಯಾಪ್ ಮಾಡು’ ಅಂತಾರೆ. ವ್ಯತ್ಯಾಸವೇನು? ಚೆಂಡು ಆಗಾಗ ಮೇಲೇಳುವುದೇಕೆ?
– ಓದುಗರು, ವಿರಾಜಪೇಟೆ

ಉತ್ತರ: ಕೋಚ್ ಹೇಳಿದ್ದೇ ಸರಿ. ಹಿಟ್‌ಗೆ ಎರಡೂ ಕೈ ಸ್ಟಿಕ್‌ನ ತುದಿಯಲ್ಲಿ ಒಟ್ಟಿಗಿರಬೇಕು, ಸ್ಟಿಕ್ ಹಿಂದಕ್ಕೆ ಎತ್ತಿ ಬೀಸಬೇಕು. ಹೊಡೆತ ಬಲವಾದದ್ದು ನಿಜ, ಆದರೆ ಎತ್ತುವಾಗಲೇ ಎದುರಾಳಿಗೆ ಸುಳಿವು ಸಿಕ್ಕಿಬಿಡುತ್ತದೆ. ಸ್ಲ್ಯಾಪ್‌ನಲ್ಲಿ ಎಡಗೈ ತುದಿಯಲ್ಲೇ ಉಳಿದು, ಬಲಗೈ ಸ್ವಲ್ಪ ಕೆಳಗೆ ಬರುತ್ತದೆ. ಮೊಣಕಾಲು ಚೆನ್ನಾಗಿ ಬಗ್ಗಿಸಿ, ಅಂಗಳ ಗುಡಿಸುವ ಹಾಗೆ ಸ್ಟಿಕ್ಕನ್ನು ನೆಲದ ಮಟ್ಟದಲ್ಲೇ ಎಳೆದು ತಂದು ಬಾರಿಸುವುದು. ನೀರು ಹಾಕಿದ ಟರ್ಫ್‌ನಲ್ಲಿ ಚೆಂಡು ಜಾರುವುದರಿಂದ ಅಷ್ಟೇ ಬೀಸಿದರೂ ವೇಗ ಸಾಕಷ್ಟು ಸಿಗುತ್ತದೆ. ಮಣ್ಣಿನಲ್ಲಿ ಇದನ್ನೇ ಮಾಡಹೋದರೆ ಸ್ಟಿಕ್ ಉಬ್ಬುತಗ್ಗಿಗೆ ತಗಲುತ್ತದೆ. ಅಲ್ಲಿ ಹಿಟ್ಟೇ ವಾಸಿ.

ಚೆಂಡು ಏಳುವುದಕ್ಕೆ ಸಾಮಾನ್ಯ ಕಾರಣ ಕಾಲು. ಹಿಟ್ ಮಾಡುವಾಗ ಎಡ ಭುಜ ಗುರಿಯ ಕಡೆಗಿರಲಿ, ಚೆಂಡು ಎಡಗಾಲಿನ ನೇರಕ್ಕಿರಲಿ. ಅದಕ್ಕಿಂತ ಮುಂದಿದ್ದರೆ ಸ್ಟಿಕ್ ಆಗಲೇ ಮೇಲೇಳುತ್ತಾ ಚೆಂಡಿನ ಅಡಿಗೆ ಹೋಗುತ್ತದೆ. ತೀರಾ ಹಿಂದೆ, ಬಲಗಾಲಿನ ಹತ್ತಿರವಿದ್ದರೆ ಮೇಲಿಂದ ಕುಟ್ಟಿದಂತಾಗಿ ಪುಟಿಯುತ್ತದೆ. ಹೊಡೆದಾದ ಮೇಲೆ ಅವಳ ಮೈಭಾರ ಎಲ್ಲಿದೆ ನೋಡಿ. ಇನ್ನೂ ಬಲಗಾಲ ಮೇಲೇ ಇದ್ದರೆ ಹಿಂದಕ್ಕೆ ವಾಲಿ ಹೊಡೆದಿದ್ದಾಳೆ ಎಂದೇ ಅರ್ಥ. ಮೊದಲು ನಿಂತ ಚೆಂಡಿಗೆ, ಅರ್ಧ ಬಲದಲ್ಲಿ ಅಭ್ಯಾಸ ಮಾಡಲಿ. ಓಡುತ್ತಾ ಹೊಡೆಯುವುದು ಆಮೇಲೆ.

ಹತ್ತಿರದ ಪಾಸ್‌ಗೆ ಇವೆರಡೂ ಬೇಡ, ಪುಶ್ ಸಾಕು. ಬಲಗೈ ಸ್ಟಿಕ್‌ನ ನಡುವಿಗೆ ಬರಲಿ, ಚೆಂಡು ಮೊದಲಿನಿಂದಲೇ ಸ್ಟಿಕ್ಕಿಗೆ ಅಂಟಿಕೊಂಡಿರಲಿ. ‘ಟಕ್’ ಅಂತ ಸದ್ದು ಬಂದರೆ ಅದು ಪುಶ್ ಅಲ್ಲ.

ಪ್ರಶ್ನೆ: ಪೆನಾಲ್ಟಿ ಕಾರ್ನರ್‌ನಲ್ಲಿ (ಎದುರಾಳಿಯ ತಪ್ಪಿಗೆ ಸಿಗುವ, ಗೋಲ್ ಬದಿಯ ಗೆರೆಯಿಂದ ಚೆಂಡು ತಳ್ಳಿ ಶುರುವಾಗುವ ಅವಕಾಶ) ಸ್ಲ್ಯಾಪ್ ಮಾಡಿ ಗೋಲಿನ ಮೇಲ್ಮೂಲೆಗೆ ಎತ್ತಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲ ಹೊಡೆತದಲ್ಲಿ ಆಗದು. ನಿಯಮದ ಲೆಕ್ಕದಲ್ಲಿ ಸ್ಲ್ಯಾಪ್ ಕೂಡ ಹಿಟ್ಟೇ. ಮೊದಲ ಶಾಟ್ ಹಿಟ್ ಆಗಿದ್ದರೆ, ಚೆಂಡು ಗೋಲ್ ಗೆರೆ ದಾಟುವಾಗ 460 ಮಿ.ಮೀ. ಎತ್ತರ ಮೀರುವಂತಿಲ್ಲ, ಅಂದರೆ ಗೋಲಿನ ಹಿಂಬದಿಯ ಹಲಗೆಯ ಎತ್ತರ. ಫ್ಲಿಕ್‌ಗೆ, ಅಂದರೆ ಬಾರಿಸದೆ ಚೆಂಡನ್ನು ಸ್ಟಿಕ್ಕಿನಿಂದ ತಳ್ಳುತ್ತಾ ಎತ್ತಿ ಎಸೆಯುವುದಕ್ಕೆ, ಈ ಮಿತಿ ಇಲ್ಲ, ಅಪಾಯಕಾರಿಯಾಗಿರಬಾರದು ಅಷ್ಟೆ. ಭಾರತ ತಂಡದ ಮಾಜಿ ಆಟಗಾರ, ಕೊಡಗಿನ ವಿ.ಆರ್. ರಘುನಾಥ್ ಹೆಸರು ಮಾಡಿದ ಡ್ರ್ಯಾಗ್ ಫ್ಲಿಕ್‌ಗೆ ಬೆಲೆ ಬಂದದ್ದು ಇದರಿಂದಲೇ. ಅದನ್ನು ಕಲಿಯಲು ಆತುರ ಬೇಡ. ಸೊಂಟ ತಿರುಚಿ ಚೆಂಡನ್ನು ಉದ್ದಕ್ಕೆ ಎಳೆಯುವುದರಿಂದ ಬೆನ್ನಿನ ಕೆಳಭಾಗಕ್ಕೆ ಭಾರ ಬೀಳುತ್ತದೆ. ಅಲ್ಲಿಯವರೆಗೆ ಗೋಲ್‌ಕೀಪರ್‌ನ ಸ್ಟಿಕ್‌ ಇರುವ ಬದಿಗೋ, ಕಾಲಿನ ಬದಿಗೋ ಹಲಗೆ ಬಡಿಯುವಂತೆ ತಗ್ಗಾದ ಸ್ಲ್ಯಾಪ್ ರೂಢಿಸಿಕೊಳ್ಳಿ.