ನಾಲ್ಕು ಇನ್‌ಪುಟ್‌ನಲ್ಲಿ ಡ್ರಮ್ಸ್: ಗ್ಲಿನ್ ಜಾನ್ಸ್ ಮಾಡಿದ್ದು ಹೀಗೆ

ಎಂಟು ಇನ್‌ಪುಟ್‌ನ ಇಂಟರ್ಫೇಸ್ (ಮೈಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ, ಒಂದು ಇನ್‌ಪುಟ್‌ಗೆ ಒಂದು ಮೈಕ್) ಈಗಲೇ ಕೊಳ್ಳಬೇಡಿ. ಗೆಳೆಯರ ಬ್ಯಾಂಡ್‌ನ ಡ್ರಮ್ಸ್ ರೆಕಾರ್ಡ್ ಮಾಡಬೇಕು, ಕೈಯಲ್ಲಿ ನಾಲ್ಕೇ ಇನ್‌ಪುಟ್ ಇದೆ, ಎಂಟರದ್ದು ಕೊಳ್ಳಲೇ ಅಂತ ನಿಮ್ಮ ಪೋಸ್ಟ್‌ನಲ್ಲಿ ಕೇಳಿದಿರಿ. ನಾಲ್ಕು ಸಾಕು. ಅದಕ್ಕೆ ಒಬ್ಬರು "ಗ್ಲಿನ್ ಜಾನ್ಸ್ ಮೆಥಡ್ ಮಾಡಿ" ಅಂತ ಒಂದೇ ಸಾಲು ಬರೆದು ಹೋಗಿದ್ದಾರೆ, ನೀವು "ಅದು ಯಾವ ಕಂಪನಿ?" ಅಂತ ಕೇಳಿದ್ದೀರಿ. ನಗಬಾರದು, ನಾನೂ ಮೊದಲು ಅದನ್ನು ಯಾವುದೋ ಮೈಕ್ ಸ್ಟ್ಯಾಂಡ್‌ನ ಹೆಸರು ಅಂದುಕೊಂಡಿದ್ದೆ.

ಕಂಪನಿ ಅಲ್ಲ, ಮನುಷ್ಯ. 1942ರಲ್ಲಿ ಇಂಗ್ಲೆಂಡಿನ ಎಪ್ಸಮ್‌ನಲ್ಲಿ ಹುಟ್ಟಿದವರು. ಚರ್ಚ್‌ನಲ್ಲಿ ಹಾಡುತ್ತಿದ್ದ ಹುಡುಗ, ಹದಿನೇಳರ ಆಸುಪಾಸಿನಲ್ಲಿ ಲಂಡನ್ನಿನ ಐಬಿಸಿ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದರು. ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಇನ್ನೂ ಹೆಸರು ಮಾಡಿರದ 1963ರಲ್ಲಿ ಅವರ ಡೆಮೋ ರೆಕಾರ್ಡ್ ಮಾಡಿದ್ದು ಇವರೇ. ಆಮೇಲೆ ಕಿಂಕ್ಸ್, ದಿ ಹೂ, ಸ್ಮಾಲ್ ಫೇಸಸ್ ಬ್ಯಾಂಡ್‌ಗಳು. ಆ ಕಾಲದ ಎಂಜಿನಿಯರ್‌ಗಳು ಯಾವುದಾದರೂ ಒಂದು ಸ್ಟುಡಿಯೋದ ಸಂಬಳಕ್ಕೆ ಇರುತ್ತಿದ್ದರು. ಇವರು ಅದನ್ನು ಬಿಟ್ಟು, ಬ್ಯಾಂಡ್ ಕರೆದಲ್ಲಿಗೆ ಹೋಗುವ ಸ್ವಂತ ದಾರಿ ಹಿಡಿದರು.

ಒಂದು ಮಾತು. ನಮ್ಮಲ್ಲಿ ನಿರ್ಮಾಪಕ ಅಂದರೆ ದುಡ್ಡು ಹಾಕುವವರು. ರಾಕ್‌ನಲ್ಲಿ ಪ್ರೊಡ್ಯೂಸರ್ ಅಂದರೆ ಹೆಚ್ಚು ಕಡಿಮೆ ನಮ್ಮ ಸಿನಿಮಾ ನಿರ್ದೇಶಕ. ಎಂಜಿನಿಯರ್ ಅಂದರೆ ಕ್ಯಾಮೆರಾಮನ್. ಜಾನ್ಸ್ ಕ್ಯಾಮೆರಾ ಕಡೆಯಿಂದ ನಿರ್ದೇಶನಕ್ಕೆ ಬಂದವರು. ಅದಕ್ಕೇ ಅವರ ಕೆಲಸದಲ್ಲಿ ಆಮೇಲೆ ರಿಪೇರಿ ಮಾಡುವುದು ಕಡಿಮೆ. ಮೈಕ್ ಇಡುವಾಗಲೇ ಅರ್ಧ ಕೆಲಸ ಮುಗಿದಿರುತ್ತದೆ.

ಈಗ ನಿಮ್ಮ ಡ್ರಮ್ಸ್. 1968ರಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಲೆಡ್ ಜೆಪ್ಪೆಲಿನ್ ಅನ್ನುವ ರಾಕ್ ಬ್ಯಾಂಡ್‌ನ ಮೊದಲ ಆಲ್ಬಮ್‌ಗೆ ಇವರು ಎಂಜಿನಿಯರ್. ಡ್ರಮ್ಸ್‌ನಲ್ಲಿ ಜಾನ್ ಬೊನಾಮ್. ಅಲ್ಲಿಯವರೆಗೂ ಜಾನ್ಸ್ ಡ್ರಮ್ಸನ್ನು ಮೋನೋದಲ್ಲೇ, ಅಂದರೆ ಎರಡೂ ಸ್ಪೀಕರ್‌ನಲ್ಲಿ ಒಂದೇ ಥರ, ಇಡುತ್ತಿದ್ದರು. ಡ್ರಮ್ಸ್‌ನ ಒಂದು ಮೈಕನ್ನು ಗಿಟಾರ್‌ಗೆ ಅಂತ ತೆಗೆದು, ಅದರ ಶಬ್ದವನ್ನು ಎಡ ಸ್ಪೀಕರ್ ಕಡೆ ತಳ್ಳಿದ್ದರು. ಇದಕ್ಕೇ ಪ್ಯಾನ್ ಮಾಡುವುದು ಅನ್ನುವುದು. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಡ್ರಮ್ಸ್ ಹತ್ತಿರ ಇಟ್ಟರು, ಪ್ಯಾನ್ ತಿರುಗಿಸುವುದು ಮರೆತರು. ಕೇಳಿದರೆ ಡ್ರಮ್ಸ್ ಸ್ಪೀಕರ್‌ಗಳ ನಡುವೆ ಅಗಲವಾಗಿ ಹರಡಿಕೊಂಡಿದೆ! ಆ ಮರೆವೇ ಇವತ್ತಿನ ಮೆಥಡ್.

ಮಾಡೋದು ಹೀಗೆ. ಒಂದೇ ಮಾದರಿಯ ಎರಡು ಕಂಡೆನ್ಸರ್ ಮೈಕ್ (ಕರೆಂಟ್ ಬೇಕಾಗುವ ಸೂಕ್ಷ್ಮ ಮೈಕ್) ಬೇಕು. ಮೊದಲನೆಯದು ಕಿಟ್‌ನ ಮೇಲೆ ಕೆಳಗೆ ನೋಡುತ್ತಿರಲಿ, ಸ್ನೇರ್‌ನ (ಡ್ರಮ್ಮರ್‌ನ ಮೊಣಕಾಲುಗಳ ನಡುವಿನ ಡ್ರಮ್) ನಡುಮಧ್ಯದಿಂದ ಸುಮಾರು 40 ಇಂಚು ದೂರ. ಎರಡನೆಯದು ಫ್ಲೋರ್ ಟಾಮ್‌ನ (ನೆಲದ ಮೇಲೆ ಕಾಲೂರಿ ನಿಲ್ಲುವ ಡ್ರಮ್) ಹೊರಬದಿಯಲ್ಲಿ, ಅದರ ಅಂಚಿಗಿಂತ ಆರು ಇಂಚು ಮೇಲೆ. ಅದು ಕಿಟ್‌ನ ಅಡ್ಡಕ್ಕೆ ಸ್ನೇರ್ ಮತ್ತು ಹೈ-ಹ್ಯಾಟ್ (ಪೆಡಲ್‌ನ ಜೋಡಿ ತಾಳ) ಕಡೆ ನೋಡಬೇಕು. ಮೂರನೆಯದು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮುಂದೆ, ನಾಲ್ಕನೆಯದು ಸ್ನೇರ್ ಹತ್ತಿರ. ಇವೆರಡಕ್ಕೆ ಡೈನಮಿಕ್ ಮೈಕ್ (ಕರೆಂಟ್ ಬೇಡದ ಗಟ್ಟಿ ಮೈಕ್) ಸಾಕು. ಕಂಡೆನ್ಸರ್‌ಗಳಿಗೆ ಇಂಟರ್ಫೇಸ್‌ನ 48 ವೋಲ್ಟ್ ಬಟನ್ ಆನ್ ಮಾಡುವುದು ಮರೆಯಬೇಡಿ.

ಇದರಲ್ಲಿ ಜೀವ ಇರುವುದು ಒಂದೇ ಕಡೆ. ಆ ಎರಡು ಕಂಡೆನ್ಸರ್‌ಗಳೂ ಸ್ನೇರ್‌ನಿಂದ ಒಂದೇ ದೂರದಲ್ಲಿರಬೇಕು. ಟೇಪ್ ಹಿಡಿದು ಒದ್ದಾಡಬೇಡಿ. ಒಂದು ಮೈಕ್ ಕೇಬಲ್ ತಗೊಂಡು, ತುದಿಯನ್ನು ಸ್ನೇರ್ ನಡುವೆ ಡ್ರಮ್ಮರ್‌ನ ಹೆಬ್ಬೆರಳಿನಿಂದ ಒತ್ತಿಸಿ. ಮೇಲಿನ ಮೈಕ್‌ನ ತನಕ ಎಳೆದು ಅಲ್ಲೇ ಚಿಟಿಕೆಯಲ್ಲಿ ಹಿಡಿಯಿರಿ. ಆ ಹಿಡಿತ ಬಿಡದೆ ಪಕ್ಕದ ಮೈಕ್‌ಗೆ ತಿರುಗಿಸಿ, ಅಳತೆ ಬರುವವರೆಗೆ ಸ್ಟ್ಯಾಂಡ್ ಸರಿಸಿ.

ಯಾಕೆ ಇಷ್ಟು ಪಟ್ಟು ಅಂದರೆ, ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಹೋಗುತ್ತದೆ. ಒಂದು ಮೈಕ್ 17 ಸೆಂ.ಮೀ. ಹಿಂದಿದ್ದರೆ ಅದಕ್ಕೆ ಅರ್ಧ ಮಿಲಿಸೆಕೆಂಡ್ ತಡ. ಎರಡನ್ನೂ ಕೂಡಿಸಿದಾಗ 1000 ಹರ್ಟ್ಸ್ ಸುತ್ತಮುತ್ತ ಒಂದರ ಅಲೆ ಏರಿದಾಗ ಇನ್ನೊಂದರದು ಇಳಿಯುತ್ತದೆ, ಎರಡೂ ಕತ್ತರಿಸಿಕೊಳ್ಳುತ್ತವೆ. ನನ್ನ ಮೊದಲ ಪ್ರಯತ್ನದಲ್ಲಿ ಕಣ್ಣಳತೆ ನಂಬಿದ್ದೆ. ಮೂರು ಹಾಡು ಮುಗಿಸಿ ಫೋನ್ ಸ್ಪೀಕರ್‌ನಲ್ಲಿ ಕೇಳಿದರೆ ಸ್ನೇರ್ ತಗಡಿನ ಡಬ್ಬ. ಎಲ್ಲರನ್ನೂ ಮತ್ತೆ ಭಾನುವಾರ ಕರೆಸಬೇಕಾಯಿತು.

ಪ್ಯಾನ್: ಪಕ್ಕದ ಮೈಕ್ ಪೂರ್ತಿ ಎಡಕ್ಕೆ, ಮೇಲಿನದು ಅರ್ಧ ಬಲಕ್ಕೆ, ಉಳಿದೆರಡು ನಡುವೆ. ಮೋನೋ ಬಟನ್ ಒತ್ತಿ ಕೇಳಿ. ಕಿಕ್‌ನ ಪೊಲಾರಿಟಿ (ಅಲೆಯ ಏರಿಳಿತವನ್ನು ತಲೆಕೆಳಗು ಮಾಡುವ ಬಟನ್) ತಿರುಗಿಸಿ ನೋಡಿ, ಯಾವ ಕಡೆ ದಪ್ಪ ಕೇಳಿಸುತ್ತದೋ ಅಲ್ಲೇ ಬಿಡಿ. ರೂಮಿನ ಛಾವಣಿ ತಗ್ಗಿದ್ದರೆ ಮೇಲಿನ ಮೈಕ್‌ನ ನೆತ್ತಿಯ ಮೇಲೆ ಒಂದು ದಪ್ಪ ಕೌದಿ ಕಟ್ಟಿ. ನೆಲಕ್ಕೆ ಜಮಖಾನ.

ಇನ್ನು ನೀವು ಹಾಕಿದ ಲಿಂಕ್‌ನಲ್ಲಿರುವ ಆ ಗುಡುಗಿನಂಥ ಬೊನಾಮ್ ಡ್ರಮ್ಸ್ ಇದರಿಂದ ಬರುವುದಿಲ್ಲ. ಅದು ಲೆಡ್ ಜೆಪ್ಪೆಲಿನ್‌ನ ನಾಲ್ಕನೇ ಆಲ್ಬಮ್‌ನದು. ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಮನೆಯಲ್ಲಿ ಡ್ರಮ್ಸನ್ನು ಮೆಟ್ಟಿಲ ಬುಡದಲ್ಲಿಟ್ಟು, ಮೇಲಿಂದ ಎರಡು ಮೈಕ್ ಹಾಕಿ ಹಿಡಿದದ್ದು. ಮಾಡಿದವರು ಗ್ಲಿನ್ ಅಲ್ಲ, ಅವರ ತಮ್ಮ ಆಂಡಿ ಜಾನ್ಸ್. ಈ ಅಣ್ಣತಮ್ಮಂದಿರನ್ನು ಅರ್ಧ ಇಂಟರ್‌ನೆಟ್ ಅದಲುಬದಲು ಮಾಡುತ್ತದೆ.

ಬಾರಿಸುವ ಕೈಯೂ ಮುಖ್ಯ. ಈಗಲ್ಸ್ ಅನ್ನುವ ಅಮೆರಿಕದ ಬ್ಯಾಂಡ್‌ನ ಮೊದಲ ಆಲ್ಬಮ್ 1972ರಲ್ಲಿ ಜಾನ್ಸ್ ಪ್ರೊಡ್ಯೂಸ್ ಮಾಡಿದ್ದು. ಅವರನ್ನು ಮೊದಲು ಸ್ಟೇಜ್ ಮೇಲೆ ನೋಡಿದಾಗ ಇವರಿಗೆ ಹಿಡಿಸಿರಲಿಲ್ಲ. ಆಮೇಲೆ ಬರೀ ಅಕೂಸ್ಟಿಕ್ ಗಿಟಾರ್ ಹಿಡಿದು ಎಲ್ಲರೂ ಒಟ್ಟಿಗೆ ಹಾಡಿದ್ದು ಕೇಳಿ ಒಪ್ಪಿಕೊಂಡರು. ಸ್ಟುಡಿಯೋದಲ್ಲಿ ಡ್ರಮ್ಮರ್ ಡಾನ್ ಹೆನ್ಲಿಗೆ ಬೊನಾಮ್ ಥರದ ಸೌಂಡ್ ಬೇಕಿತ್ತು. ನೀನು ಬೊನಾಮ್ ಥರ ಬಾರಿಸಲ್ಲವಲ್ಲ ಅನ್ನುವುದೇ ಜಾನ್ಸ್ ಉತ್ತರ. ಮೂರನೇ ಆಲ್ಬಮ್‌ನ ನಡುವೆ ಬ್ಯಾಂಡ್ ಇವರನ್ನು ಬಿಟ್ಟು ಬೇರೆ ಪ್ರೊಡ್ಯೂಸರ್ ಹಿಡಿಯಿತು, ರಾಕ್ ಜಾಸ್ತಿ ಬೇಕು ಅಂತ. ತಮಾಷೆ ಅಂದರೆ, ಅಮೆರಿಕದಲ್ಲಿ ಈಗಲ್ಸ್‌ನ ಮೊದಲ ನಂಬರ್ ಒನ್ ಹಾಡು, 1975ರಲ್ಲಿ, ಜಾನ್ಸ್ ಜೊತೆ ಮಾಡಿಟ್ಟಿದ್ದ ಹಾಡೇ!

ಎಲ್ಲ ಕಡೆ ಗೆದ್ದರು ಅಂತಲೂ ಅಲ್ಲ. 1969ರ ಜನವರಿಯಲ್ಲಿ ಬೀಟಲ್ಸ್ ಜೊತೆ ಕೆಲಸ ಮಾಡಿದರು. ಅವರು ಸಿದ್ಧ ಮಾಡಿಕೊಟ್ಟ ಆಲ್ಬಮ್ ಬೀಟಲ್ಸ್‌ಗೆ ಒಪ್ಪಿಗೆಯಾಗಲಿಲ್ಲ. ಟೇಪುಗಳು ಫಿಲ್ ಸ್ಪೆಕ್ಟರ್ ಅನ್ನುವ ಇನ್ನೊಬ್ಬ ಪ್ರೊಡ್ಯೂಸರ್ ಕೈಗೆ ಹೋಗಿ 1970ರಲ್ಲಿ ಆಲ್ಬಮ್ ಬಂತು. ಜಾನ್ಸ್ ಮಾಡಿದ್ದು ಅಧಿಕೃತವಾಗಿ ಹೊರಬಂದದ್ದು 2021ರಲ್ಲಿ. ನನ್ನ ಕಿವಿಗೆ ಜಾನ್ಸ್‌ದೇ ಇಷ್ಟ, ಪಕ್ಕದ ರೂಮಿನಲ್ಲಿ ನುಡಿಸಿದ ಹಾಗಿದೆ. ಒಪ್ಪದವರು ಜಗಳಕ್ಕೆ ಬನ್ನಿ, ಬೇರೆ ಪೋಸ್ಟ್‌ನಲ್ಲಿ.

ಆ ಬೀಟಲ್ಸ್ ಕೆಲಸದಿಂದ ನಿಮಗೆ ಒಂದು ಉಪಯೋಗ ಇದೆ. ನೀವು ತಾರಸಿ ಮೇಲೆ ಅಕೂಸ್ಟಿಕ್ ಸೆಷನ್ ಮಾಡುವ ಪ್ಲಾನ್ ಬರೆದಿದ್ದೀರಲ್ಲ. ಅದೇ ಜನವರಿ 30ರಂದು ಲಂಡನ್ನಿನ ಸ್ಯಾವಿಲ್ ರೋ ರಸ್ತೆಯ ಕಟ್ಟಡವೊಂದರ ತಾರಸಿಯಲ್ಲಿ ಬೀಟಲ್ಸ್ ನುಡಿಸಿದಾಗ ಗಾಳಿ ಜೋರಿತ್ತು. ಹೆಂಗಸರ ನೈಲಾನ್ ಸ್ಟಾಕಿಂಗ್ಸ್ ತರಿಸಿ ಮೈಕ್‌ಗಳಿಗೆ ಹೊದಿಸಿದರು. ಕೊಳ್ಳಲು ಅಂಗಡಿಗೆ ಓಡಿದ್ದು ಆಗಿನ್ನೂ ಹುಡುಗನಾಗಿದ್ದ, ಮುಂದೆ ಹೆಸರು ಮಾಡಿದ ಎಂಜಿನಿಯರ್ ಅಲನ್ ಪಾರ್ಸನ್ಸ್. ರೆಕಾರ್ಡಿಂಗ್ ನಡೆದದ್ದು ನೆಲಮಾಳಿಗೆಯಲ್ಲಿ, ಎಂಟು ಟ್ರ್ಯಾಕ್‌ನಲ್ಲಿ. ಇಡೀ ಬ್ಯಾಂಡ್‌ಗೆ ಎಂಟು! ನಿಮಗೆ ಡ್ರಮ್ಸ್ ಒಂದಕ್ಕೇ ನಾಲ್ಕಿದೆ.

ಎಂಟು ಇನ್‌ಪುಟ್ ನಿಜಕ್ಕೂ ಬೇಕಾಗುವುದು ಇಡೀ ಬ್ಯಾಂಡ್ ಒಟ್ಟಿಗೆ ನುಡಿಸುವಾಗ. ಅಥವಾ ಒಂದೊಂದು ಟಾಮನ್ನೂ ಬೇರೆ ಬೇರೆಯಾಗಿ ಮಿಕ್ಸ್ ಮಾಡಬೇಕಾದಾಗ, ಮೆಟಲ್ ಬ್ಯಾಂಡ್‌ನವರು ಮಾಡುವ ಹಾಗೆ. ಆಗ ನೋಡೋಣ.

ಈ ವಾರ ಒಂದು ನಿಮಿಷ ರೆಕಾರ್ಡ್ ಮಾಡಿ ಇಲ್ಲೇ ಹಾಕಿ. ಮೈಕ್ ಇಟ್ಟ ಜಾಗದ ಫೋಟೋ ಎರಡು ಕಡೆಯಿಂದ ಬೇಕು. ಡ್ರಮ್ ಹೆಡ್ (ಬಾರಿಸುವ ಹೊದಿಕೆ) ಹಳೆಯದಾಗಿದ್ದರೆ ಅದನ್ನು ಮೊದಲು ಬದಲಾಯಿಸಿ, ಆಮೇಲೆ ಮೈಕ್ ಮಾತು.